ಮೂರು ಗಂಟೆ ಒಂಟೆ, ಹದಿಮೂರು ಗಂಟೆ ಇರುಳು: ಖುರಿ ಮರಳುಗಾಡಿನ ಒಂದು ರಾತ್ರಿಯ ಪ್ರವಾಸ

ಜೈಸಲ್ಮೇರಿನ ಕೋಟೆಯ ಬಾಗಿಲು ದಾಟಿ ಒಳಗೆ ಹೋಗುವಷ್ಟರಲ್ಲಿ ಕನಿಷ್ಠ ಹತ್ತು ಜನ ‘ಸಫಾರಿ’ ಎಂಬ ಒಂದೇ ಪದ ಹಿಡಿದು ಎದುರು ಬರುತ್ತಾರೆ. ಎಲ್ಲರ ಕೈಯಲ್ಲೂ ಹೆಚ್ಚುಕಡಿಮೆ ಒಂದೇ ಚಿತ್ರವಿರುತ್ತದೆ: ಕೆಂಪು ಸೂರ್ಯ, ಮರಳಿನ ಏಣು, ಅದರ ಮೇಲೆ ಸಾಲಾಗಿ ಸಾಗುವ ಒಂಟೆಗಳ ಕಪ್ಪು ಆಕೃತಿ. ಡಿಸೆಂಬರ್ ಎರಡನೆಯ ವಾರದಲ್ಲಿ ನಾನು, ನನ್ನ ತಂಗಿ ಮತ್ತು ಅವಳ ಹದಿಮೂರು ವರ್ಷದ ಮಗ ಆ ಚಿತ್ರವನ್ನು ನಂಬಿ ತಲೆಗೆ 2,200 ರೂಪಾಯಿಯಂತೆ ಕೊಟ್ಟು ಒಂದು ರಾತ್ರಿಯ ಪ್ರವಾಸಕ್ಕೆ ಹೋಗಿ ಬಂದೆವು. ಮಧ್ಯಾಹ್ನ ಎರಡೂವರೆಗೆ ಜೀಪಿನಲ್ಲಿ ಹೊರಡುವುದು, ಸಂಜೆ ಒಂದೂವರೆ ಗಂಟೆ ಒಂಟೆ ಸವಾರಿ, ಮರಳಿನ ಮೇಲೆ ಊಟ, ಡೇರೆಯಿಲ್ಲದೆ ಬಯಲಿನಲ್ಲೇ ನಿದ್ದೆ, ಬೆಳಗ್ಗೆ ಮತ್ತೆ ಒಂದೂವರೆ ಗಂಟೆ ಸವಾರಿ, ಹತ್ತೂವರೆಯೊಳಗೆ ಊರಿಗೆ ವಾಪಸ್ಸು ಎಂಬುದು ಮಾತಾಗಿತ್ತು. ಪ್ರವಾಸ ನಡೆಸಿದವರ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ನಾನು ಹೇಳಲಿರುವ ದೂರುಗಳಲ್ಲಿ ಮುಕ್ಕಾಲು ಪಾಲು ಈ ವ್ಯಾಪಾರದ ರೀತಿಗೇ ಸೇರಿದವು, ಪಕ್ಕದ ಅಂಗಡಿಗೆ ಹೋಗಿದ್ದರೂ ಅವೇ ಎದುರಾಗುತ್ತಿದ್ದವು.

ಮೊದಲಿಗೆ ಜಾಗದ ಆಯ್ಕೆ. ಮರಳದಿಬ್ಬಗಳಿಗೆಂದು ಹೋಗುವವರಲ್ಲಿ ಹೆಚ್ಚಿನವರನ್ನು ಊರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದ ಸಮ್‌ಗೆ ಕರೆದೊಯ್ಯುತ್ತಾರೆ. ಅಲ್ಲಿ ದಿಬ್ಬಗಳು ದೊಡ್ಡವು, ಆದರೆ ರಸ್ತೆಯುದ್ದಕ್ಕೂ ಡೇರೆ ರೆಸಾರ್ಟುಗಳು, ಪ್ರತಿಯೊಂದಕ್ಕೂ ಒಂದು ವೇದಿಕೆ, ಧ್ವನಿವರ್ಧಕ, ಮರಳ ಮೇಲೆ ಹತ್ತಿಳಿಯುವ ಜೀಪುಗಳ ಗದ್ದಲ. ನಾವು ಆರಿಸಿದ್ದು ನೈಋತ್ಯ ದಿಕ್ಕಿನ ಖುರಿ ಎಂಬ ಹಳ್ಳಿಯ ಕಡೆಯ ದಿಬ್ಬಗಳನ್ನು. ದೂರ ಸ್ವಲ್ಪ ಹೆಚ್ಚು, ದಿಬ್ಬಗಳು ಸ್ವಲ್ಪ ಚಿಕ್ಕವು, ಜನ ಬಹಳ ಕಡಿಮೆ. ಈ ಆಯ್ಕೆಯ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ದಾರಿಯಲ್ಲಿ ಕುಲಧರಾದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದರು. ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಈ ಹಾಳೂರಿನ ಬಗ್ಗೆ ಜೀಪಿನ ಚಾಲಕನು ಹೇಳಿದ ದೆವ್ವದ ಕಥೆಗಿಂತ, ಛಾವಣಿಯಿಲ್ಲದೆಯೂ ನೇರವಾಗಿ ನಿಂತಿರುವ ಕಲ್ಲಿನ ಗೋಡೆಗಳ ಸಾಲು ಹೆಚ್ಚು ಮಾತನಾಡುತ್ತಿತ್ತು. ಇಪ್ಪತ್ತು ನಿಮಿಷ ಅದಕ್ಕೆ ಸಾಲದು, ಆದರೆ ಒಂಟೆಗಳು ಕಾಯುತ್ತಿವೆಯೆಂದು ಅವಸರಪಡಿಸಿದರು. ಹೋಗಿ ನೋಡಿದರೆ ಒಂಟೆಗಳ ಬದಲು ನಾವೇ ಮುಕ್ಕಾಲು ಗಂಟೆ ಕಾಯಬೇಕಾಯಿತು.

ಮರಳುಗಾಡು ಎಂದಾಕ್ಷಣ ಕಣ್ಣು ಹಾಯುವ ತನಕ ಮರಳೇ ಇರುತ್ತದೆಂದು ಎಣಿಸಿ ಹೋಗುವವರಿಗೆ ಇಲ್ಲೊಂದು ಮಾತು ಹೇಳಬೇಕು. ಥಾರ್‌ನ ಬಹುಭಾಗ ಕುರುಚಲು ಗಿಡಗಳ, ಆಡುಕುರಿ ಮೇಯುವ, ಅಲ್ಲಲ್ಲಿ ಗುಡಿಸಲುಗಳಿರುವ ಬಯಲು. ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲೇ ಜನ ಸಜ್ಜೆ ಬೆಳೆಯುತ್ತಾರೆ, ದನ ಸಾಕುತ್ತಾರೆ. ದಿಬ್ಬಗಳು ಇರುವುದು ತೇಪೆ ಹಾಕಿದಂತೆ, ಅಲ್ಲೊಂದು ಇಲ್ಲೊಂದು ಪಟ್ಟಿಯಾಗಿ. ನಮ್ಮ ಸವಾರಿಯ ಮೊದಲ ಒಂದು ಗಂಟೆ ಸಾಗಿದ್ದು ಎಕ್ಕದ ಗಿಡಗಳ ನಡುವೆ, ಒಣ ಹೊಲಗಳ ಅಂಚಿನಲ್ಲಿ. ಮರಳದಿಬ್ಬಗಳ ಮೇಲೆ ಒಂಟೆ ನಡೆದದ್ದು ಕೊನೆಯ ಅರ್ಧ ಗಂಟೆ ಮಾತ್ರ. ಕೈಯಲ್ಲಿದ್ದ ಚಿತ್ರ ಈ ಅರ್ಧ ಗಂಟೆಯದು. ಇದರಿಂದ ತಂಗಿಗೆ ಸ್ವಲ್ಪ ನಿರಾಸೆಯಾಯಿತು, ನನಗೆ ಆಗಲಿಲ್ಲ, ಏಕೆಂದರೆ ಒಂಟೆಯ ಮೇಲಿನಿಂದ ಕಾಣುವ ಆ ಬಯಲಿನಲ್ಲಿ ನೋಡಲು ಬೇಕಾದಷ್ಟಿತ್ತು. ದಾರಿಯ ಪಕ್ಕದಲ್ಲಿ ಕಂಡ ಖೇಜಡಿ ಮರವನ್ನು ಸಮೀಪದಿಂದ ನೋಡಿದಾಗ ಅದು ನಾವು ವಿಜಯದಶಮಿಯ ದಿನ ಸುತ್ತು ಹಾಕಿ ಎಲೆ ತರುವ ಬನ್ನಿ ಮರವೇ ಎಂದು ತಿಳಿದು, ಅಷ್ಟು ದೂರದಲ್ಲಿ ಮನೆಯವರೊಬ್ಬರು ಎದುರಾದಂತೆ ಆಯಿತು. ಅದು ರಾಜಸ್ಥಾನದ ರಾಜ್ಯವೃಕ್ಷ. ಅದರ ಎಲೆ ಆಡಿಗೆ, ಕಾಯಿ ಮನುಷ್ಯರಿಗೆ, ಒಣಗಿದ ಕೊಂಬೆ ಒಲೆಗೆ ಎಂದು ನಮ್ಮ ಒಂಟೆಗಳನ್ನು ನಡೆಸುತ್ತಿದ್ದ ಹಿರಿಯರು ಬೆರಳು ಮಡಿಸಿ ಲೆಕ್ಕ ಹೇಳಿದರು.

ಇನ್ನು ಸವಾರಿ. ಕುದುರೆ ಹತ್ತಿದವರಿಗೂ ಒಂಟೆ ಹತ್ತುವುದು ಹೊಸ ಪಾಠವೇ. ಕುಳಿತ ಒಂಟೆಯ ಮೇಲೆ ಕಾಲು ಹಾಕಿ ಕೂರುವುದು ಸುಲಭ. ಅದು ಏಳುವಾಗ ಮೊದಲು ಹಿಂಗಾಲುಗಳನ್ನು ನೆಟ್ಟಗೆ ಮಾಡುತ್ತದೆ, ಆಗ ಸವಾರನು ಮುಂದಕ್ಕೆ, ಅದರ ಕತ್ತಿನ ಇಳಿಜಾರಿನತ್ತ ಮುಗ್ಗರಿಸುತ್ತಾನೆ, ಆ ಗಾಬರಿ ಆರುವ ಮೊದಲೇ ಮುಂಗಾಲುಗಳು ಎದ್ದು ಹಿಂದಕ್ಕೆ ಎಸೆಯುತ್ತವೆ. ಕೂರುವಾಗ ಮುಂಗಾಲು ಮೊದಲು ಮಡಚುವುದರಿಂದ ಮತ್ತೆ ಮುಂದಕ್ಕೇ ಬೀಳುವಂತಾಗುತ್ತದೆ. ಎರಡು ಸಲವೂ ಆರಂಭದಲ್ಲಿ ಬೆನ್ನನ್ನು ಹಿಂದಕ್ಕೆ ವಾಲಿಸಿ, ಜೀನಿನ ಮುಂದಿನ ಗೂಟವನ್ನು ಎರಡೂ ಕೈಯಿಂದ ಹಿಡಿಯಬೇಕು. ಇದನ್ನು ಯಾರೂ ಮೊದಲೇ ಹೇಳಲಿಲ್ಲ. ನನ್ನ ಕನ್ನಡಕ ಮೊದಲ ಏಳುವಿಕೆಯಲ್ಲೇ ಮರಳಿಗೆ ಬಿತ್ತು. ಹಿರಿಯರು ಅದನ್ನು ಹೆಕ್ಕಿ ತಮ್ಮ ಪಂಚೆಯ ಅಂಚಿನಿಂದ ಒರೆಸಿ ಕೊಟ್ಟರು, ಮತ್ತು ಬಾಯಲ್ಲಿ ನಗು ಇಲ್ಲದಿದ್ದರೂ ಅವರ ಮೀಸೆ ಮಾತ್ರ ಒಂದಿಷ್ಟು ಅಲುಗಿತು.

ಒಂಟೆ ಒಂದೇ ಪಕ್ಕದ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿಡುತ್ತದೆ. ಹಾಗಾಗಿ ಮೇಲೆ ಕುಳಿತವರ ನಡು ದೋಣಿಯಲ್ಲಿದ್ದಂತೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಮೊದಲ ಹತ್ತು ನಿಮಿಷ ಇದು ಹಿತವೆನಿಸುತ್ತದೆ, ಮುಂದಿನ ಅರ್ಧ ಗಂಟೆಯಲ್ಲಿ ಅಭ್ಯಾಸವಾಗುತ್ತದೆ, ಒಂದು ಗಂಟೆಯ ನಂತರ ತೊಡೆಯ ಒಳಭಾಗ ಲೆಕ್ಕ ಕೇಳಲು ಶುರುಮಾಡುತ್ತದೆ. ಜೀನನ್ನು ಅವರು ಪಲಾಣ್ ಎನ್ನುತ್ತಾರೆ. ಹಳಗನ್ನಡದ ಪಲ್ಲಣ ಅಥವಾ ಹಲ್ಲಣವನ್ನು ಓದಿದವರಿಗೆ ಆ ಪದ ಪರಿಚಿತವೇ. ಮರದ ಚೌಕಟ್ಟಿನ ಮೇಲೆ ಎರಡು ಮೂರು ಕೌದಿಗಳನ್ನು ಮಡಿಸಿ ಹಾಕಿರುತ್ತಾರೆ. ನಮ್ಮ ಒಂಟೆಗಳಿಗೆ ಕಾಲೂರಲು ರಿಕಾಪು ಇರಲಿಲ್ಲ, ಕಾಲುಗಳು ಸುಮ್ಮನೆ ಜೋತಾಡುತ್ತಿದ್ದವು, ನೋವಿಗೆ ಮುಖ್ಯ ಕಾರಣ ಅದೇ ಎಂಬುದು ಮರುದಿನ ಅರ್ಥವಾಯಿತು. ಕಾಯ್ದಿರಿಸುವಾಗ ಒಂದು ಮಾತು ರಿಕಾಪು ಉಂಟೇ ಎಂದು ಕೇಳಿ. ದಪ್ಪ ಬಟ್ಟೆಯ, ಹೊಲಿಗೆ ಒತ್ತದ, ಉದ್ದನೆಯ ಪ್ಯಾಂಟು ಧರಿಸಿ. ಮೂರು ದಿನದ ಸಫಾರಿಯನ್ನು ಒಂದೇ ಏಟಿಗೆ ಕೊಳ್ಳಬೇಡಿ. ಮೊದಲ ಸಲ ಹತ್ತುವವರಿಗೆ ಒಂದೂವರೆ ಗಂಟೆಯ ಎರಡು ಕಂತು ಸಾಕೋ ಸಾಕು.

ಇಲ್ಲಿಯೇ ಮೊದಲ ದೂರು. ಪ್ರತಿಯೊಬ್ಬರಿಗೂ ಒಂದೊಂದು ಒಂಟೆ ಎಂದು ಮಾತು ಕೊಟ್ಟಿದ್ದವರು ಅಲ್ಲಿಗೆ ಹೋದಾಗ, ಬೇರೆ ತಂಡದಲ್ಲಿ ಇಬ್ಬರು ಹೆಚ್ಚಾದರೆಂದು ತಂಗಿಯನ್ನೂ ಹುಡುಗನನ್ನೂ ಒಂದೇ ಒಂಟೆಗೆ ಏರಿಸಿದರು. ಹಣದ ಮಾತೆತ್ತಿದರೆ ಒಂಟೆಯವರು ಆಫೀಸಿನ ಕಡೆಗೂ, ಆಫೀಸಿನವರು ಒಂಟೆಯವರ ಕಡೆಗೂ ಬೆರಳು ತೋರಿಸಿದರು. ಹಿಂದೆ ಕುಳಿತ ಹುಡುಗನಿಗೆ ಹಿಡಿಯಲು ಗೂಟವಿರಲಿಲ್ಲ, ದಾರಿಯುದ್ದಕ್ಕೂ ಅಮ್ಮನ ಸೊಂಟವೇ ಗತಿಯಾಯಿತು.

ಒಂಟೆಗಳ ಆರೋಗ್ಯದ ವಿಚಾರದಲ್ಲಿ ಮಾತ್ರ ನನಗೆ ದೂರಿಲ್ಲ, ಮತ್ತು ಇದನ್ನು ನಾನು ಹತ್ತುವ ಮೊದಲೇ ನೋಡಿಕೊಂಡೆ. ಒಂಟೆಯ ಮೂಗಿನ ಹೊಳ್ಳೆಗೆ ಚುಚ್ಚಿದ ಮರದ ಸಣ್ಣ ಗೂಟಕ್ಕೆ ಹಗ್ಗ ಕಟ್ಟಿ ನಡೆಸುತ್ತಾರೆ. ಆ ಗೂಟದ ಸುತ್ತ ರಸಿಕೆಯೋ ಹಸಿ ಗಾಯವೋ ಇದ್ದರೆ, ಜೀನಿನ ಅಂಚಿನಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿದ್ದರೆ, ಎದ್ದು ನಿಂತಾಗ ಒಂದು ಕಾಲನ್ನು ನೆಲಕ್ಕೆ ಪೂರ್ತಿ ಊರದಿದ್ದರೆ, ಆ ಒಂಟೆಯನ್ನು ಹತ್ತುವುದಿಲ್ಲ ಎಂದು ಹೇಳುವ ಹಕ್ಕು ಹಣ ಕೊಟ್ಟವರಿಗೆ ಇದೆ. ನನ್ನ ಪಾಲಿಗೆ ಬಂದದ್ದು ಬಾದಲ್ ಎಂಬ ಹೆಸರಿನ, ತೆಳ್ಳಗಿನ ಉದ್ದ ಕಾಲುಗಳ ಜೈಸಲ್ಮೇರಿ ತಳಿಯ ಗಂಡು. ಅದರ ಕತ್ತಿನ ಕೂದಲನ್ನು ಕತ್ತರಿಯಿಂದ ಚಿತ್ತಾರ ಬರುವಂತೆ ಕತ್ತರಿಸಿದ್ದರು, ಕಣ್ಣಿಗೆ ಎರಡು ಸಾಲು ರೆಪ್ಪೆಗೂದಲು, ಸೀಳಿದ ಮೇಲ್ದುಟಿ. ಆ ತುಟಿಯ ಎರಡು ಪಾಲನ್ನೂ ಬೇರೆಬೇರೆಯಾಗಿ ಆಡಿಸಿ, ಮುಳ್ಳಿನ ನಡುವಿನ ಎಲೆಯನ್ನು ಮುಳ್ಳು ತಾಕದಂತೆ ಬಿಡಿಸಿ ತಿನ್ನುವುದನ್ನು ಹುಡುಗ ಬಹಳ ಹೊತ್ತು ನಿಂತು ನೋಡಿದ. ಡುಬ್ಬದಲ್ಲಿ ನೀರು ಇರುತ್ತದೆಯೇ ಎಂದು ಅವನು ಕೇಳಿದ್ದಕ್ಕೆ ಹಿರಿಯರು ‘ನೀರಲ್ಲ ಮಗಾ, ತುಪ್ಪ’ ಎಂದರು. ಅದು ಕೊಬ್ಬಿನ ಗುಡ್ಡೆ ಎಂಬುದನ್ನು ಇದಕ್ಕಿಂತ ಚಿಕ್ಕದಾಗಿ ಯಾವ ಪುಸ್ತಕವೂ ಹೇಳಲಾರದು. ನೀರಿನ ವಿಷಯದಲ್ಲಿ ಒಂಟೆಯ ಶಕ್ತಿ ಬೇರೆ ಕಡೆ ಇದೆ: ದೇಹದ ತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ಅದು ತಡೆದುಕೊಳ್ಳುತ್ತದೆ, ಸಿಕ್ಕಿದ ದಿನ ಹತ್ತು ಹದಿನೈದು ನಿಮಿಷದೊಳಗೆ ನೂರು ಲೀಟರ್ ಹೀರಿಬಿಡುತ್ತದೆ. ಚಳಿಗಾಲದಲ್ಲಿ ಹಸಿರು ಮೇವು ಸಿಕ್ಕರೆ ಬಾದಲ್ ವಾರಗಟ್ಟಲೆ ತೊಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲವೆಂದು ಹಿರಿಯರು ಹೆಮ್ಮೆಯಿಂದ ಹೇಳಿದರು.

ಸೂರ್ಯಾಸ್ತದ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಕಾಣುವುದಿಲ್ಲ. ಆರಕ್ಕೆ ಹತ್ತು ನಿಮಿಷ ಇರುವಾಗ ಅದು ಆಯಿತು, ಚೆನ್ನಾಗಿತ್ತು, ದಿಬ್ಬದ ಮೇಲೆ ನಿಂತಿದ್ದವರೆಲ್ಲ ಫೋನಿನ ಹಿಂದೆ ಇದ್ದರು.

ಊಟವೂ ಒಂಟೆಯವರದೇ ಕೈ. ಒಣ ಕಡ್ಡಿಗಳ ಉರಿಯ ಮೇಲೆ ತವಾ ಇಟ್ಟು ಸಜ್ಜೆ ರೊಟ್ಟಿ, ಬೇಳೆ, ಜೊತೆಗೆ ಕೇರ್‌ಸಾಂಗರಿ ಪಲ್ಯ. ಸಾಂಗರಿ ಎಂದರೆ ಅದೇ ಬನ್ನಿ ಮರದ ಒಣಗಿಸಿದ ಕಾಯಿ. ಕೇರ್ ಮರಳುಗಾಡಿನ ಎಲೆಯಿಲ್ಲದ ಪೊದೆಯೊಂದರ ಸಣ್ಣ ಹುಳಿ ಕಾಯಿ. ಎಣ್ಣೆ ಸ್ವಲ್ಪ ಜಾಸ್ತಿ, ಖಾರ ಬೇಕಾದಷ್ಟು, ಹಲ್ಲಿಗೆ ಒಂದೆರಡು ಸಲ ಮರಳು ಸಿಕ್ಕಿತು. ರೊಟ್ಟಿಯನ್ನು ಅಂಗೈಯಲ್ಲೇ ತಟ್ಟುವ ಸದ್ದಿಗೆ ಕಣ್ಣು ಮುಚ್ಚಿದರೆ ನಮ್ಮ ಕಡೆಯ ಅಡುಗೆಮನೆ ನೆನಪಾಗುವಂತಿತ್ತು. ಪಾತ್ರೆಗಳನ್ನು ಒಣ ಮರಳಿನಿಂದಲೇ ಉಜ್ಜಿ, ಬಟ್ಟೆಯಿಂದ ಒರೆಸಿ ಇಟ್ಟರು. ನೀರು ಅಷ್ಟು ಬೆಲೆಯುಳ್ಳದ್ದು. ಇದನ್ನು ನೋಡಿ ಮುಖ ಸಿಂಡರಿಸಿದ ಬೇರೆ ತಂಡದವರು ಮರುದಿನ ಬೆಳಗ್ಗೆ ಎರಡೆರಡು ಬಾಟಲಿ ನೀರಿನಿಂದ ಮುಖ ತೊಳೆದರು. ಶೌಚಾಲಯವಿಲ್ಲ, ದಿಬ್ಬದ ಆಚೆ ಬದಿ, ಒಂದು ಟಾರ್ಚು, ಗುಂಡಿ ತೋಡಲು ಕೈಗೊಂದು ತಗಡು. ಹೆಂಗಸರು ಕತ್ತಲಾಗುವುದನ್ನು ಕಾಯಬೇಕಾಗುತ್ತದೆ ಎಂಬುದನ್ನು ಕಾಯ್ದಿರಿಸುವಾಗಲೇ ಸ್ಪಷ್ಟವಾಗಿ ಹೇಳಬೇಕಿತ್ತೆಂದು ತಂಗಿಯ ಅಭಿಪ್ರಾಯ, ಅದು ಸರಿಯೂ ಹೌದು.

ಈ ಪ್ರವಾಸದಲ್ಲಿ ಒಂಟೆಯ ಮೇಲೆ ಕಳೆಯುವುದು ಒಟ್ಟು ಮೂರು ಗಂಟೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗಿ ಮತ್ತೆ ಹುಟ್ಟುವ ತನಕ ಹದಿಮೂರು ಗಂಟೆಗೂ ಮಿಕ್ಕಿ ಹೊತ್ತು. ಜಾಹೀರಾತು ಮೂರು ಗಂಟೆಯನ್ನು ಮಾರುತ್ತದೆ. ಕೊಟ್ಟ ಹಣ ದುಡಿಯುವುದು ಅಥವಾ ಮುಳುಗುವುದು ಆ ಹದಿಮೂರು ಗಂಟೆಗಳಲ್ಲಿ. ಮೊದಲ ನಾಲ್ಕು ಗಂಟೆ ನಮ್ಮದು ಮುಳುಗಿತ್ತು. ‘ಮನುಷ್ಯರ ಸದ್ದೇ ಇಲ್ಲದ ಜಾಗ’ ಎಂದು ಹೇಳಿದ್ದ ದಿಬ್ಬದಿಂದ ಅರ್ಧ ಮೈಲಿ ದೂರದಲ್ಲಿ ಡೇರೆಗಳ ಶಿಬಿರವೊಂದಿತ್ತು, ಅಲ್ಲಿನ ಧ್ವನಿವರ್ಧಕದಲ್ಲಿ ರಾತ್ರಿ ಹತ್ತೂವರೆಯ ತನಕ ಮದುವೆ ಮೆರವಣಿಗೆಯ ಕುಣಿತದ ಹಾಡುಗಳು ಬಂದವು. ಮಾಂಗಣಿಯಾರ್ ಗಾಯಕರ ನಾಡಿನಲ್ಲಿ, ಕಮಾಯ್ಚಾ ಎಂಬ ತಂತಿವಾದ್ಯ ಮತ್ತು ಖಡತಾಲದ ನಾಡಿನಲ್ಲಿ ಎಲ್ಲ ಊರಿನಲ್ಲೂ ಸಿಗುವ ಆ ಢಮಢಮ ಕೇಳಲು ಇಷ್ಟು ದೂರ ಬರಬೇಕಿರಲಿಲ್ಲ. ಕಾಯ್ದಿರಿಸುವಾಗ ಕೇಳಬೇಕಾದ ಪ್ರಶ್ನೆ ಊಟದ್ದಲ್ಲ, ಅತಿ ಸಮೀಪದ ಶಿಬಿರ ಎಷ್ಟು ದೂರ ಎಂಬುದು. ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡುವುದು ಒಳ್ಳೆಯದು.

ಹತ್ತೂವರೆಗೆ ಅದು ನಿಂತಿತು. ನಿಂತ ಮೇಲೆ ಕೆಲವು ನಿಮಿಷ ಕಿವಿಯಲ್ಲಿ ಅದರದೇ ಗುಂಯ್‌ಗುಟ್ಟುವಿಕೆ ಉಳಿದಿತ್ತು, ಅದೂ ಇಳಿದ ನಂತರ ಮೊದಲು ಕೇಳಿಸಿದ್ದು ಒಂಟೆಗಳು ಮೆಲುಕು ಹಾಕುವ ಸದ್ದು, ದವಡೆ ಅಡ್ಡಡ್ಡ ಸರಿಯುವ, ಒದ್ದೆ ಗೋಣಿಚೀಲ ಉಜ್ಜಿದಂಥ ಸದ್ದು. ನಡುನಡುವೆ ಹೊಟ್ಟೆಯಾಳದಿಂದ ಗುಡುಗುಡು. ರಾತ್ರಿ ದೂರ ಹೋಗದಿರಲೆಂದು ಅವುಗಳ ಮುಂಗಾಲುಗಳೆರಡನ್ನೂ ಗಿಡ್ಡ ಹಗ್ಗದಿಂದ ಜೋಡಿಸಿ ಕಟ್ಟಿರುತ್ತಾರೆ, ಎದ್ದು ಚಿಕ್ಕ ಹೆಜ್ಜೆ ಹಾಕಿದಾಗಲೆಲ್ಲ ಕೊರಳ ಗಂಟೆ ಒಂದು ಸಲ ಮಾತ್ರ ಅಲುಗುತ್ತದೆ. ಅಮಾವಾಸ್ಯೆಗೆ ಎರಡು ದಿನವಿತ್ತು. ದಿನಾಂಕ ಆರಿಸುವ ಸ್ವಾತಂತ್ರ್ಯ ಇದ್ದವರು ಇದೊಂದನ್ನು ನೋಡಿಕೊಳ್ಳಬೇಕು, ಬೆಳದಿಂಗಳಿನಲ್ಲಿ ಮರಳು ಚೆಂದ, ಆದರೆ ಆಕಾಶ ಅರ್ಧ ಖಾಲಿ. ನೆತ್ತಿಯ ಹತ್ತಿರ ಕೃತ್ತಿಕೆ, ಅದರ ಬಳಿ ಕೆಂಪಗೆ ರೋಹಿಣಿ, ಪೂರ್ವಕ್ಕೆ ಸರಿದಂತೆ ಮೃಗಶಿರ, ಆರ್ದ್ರೆ. ಪಂಚಾಂಗದಲ್ಲಿ ಹೆಸರಾಗಿ ಮಾತ್ರ ಓದಿದ್ದನ್ನು ಬೆರಳಿಟ್ಟು ತೋರಿಸುವಂತಿತ್ತು. ಜೈಸಲ್ಮೇರ್ ಇರುವುದು 27 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ, ಹಾಗಾಗಿ ಧ್ರುವ ನಕ್ಷತ್ರ ದಕ್ಷಿಣ ಕರ್ನಾಟಕದಲ್ಲಿ ಕಾಣುವುದರ ಎರಡರಷ್ಟು ಎತ್ತರದಲ್ಲಿರುತ್ತದೆ. ನಾನು ಹಳೆಯ ಅಭ್ಯಾಸದಂತೆ ತೀರ ಕೆಳಗೆ ಹುಡುಕುತ್ತಿದ್ದೆ. ನಡುರಾತ್ರಿ ದಾಟಿದ ಮೇಲೆ ಎಚ್ಚರವಾದಾಗ ಈಶಾನ್ಯದಲ್ಲಿ ಸಪ್ತರ್ಷಿಗಳು ಬಾಲವನ್ನು ಕೆಳಗೆ ಇಳಿಬಿಟ್ಟು ಮೇಲೇರುತ್ತಿದ್ದರು. ಉತ್ತರದ ದಿಗಂತದಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು ಒಂದೇ ತಾಳಕ್ಕೆ ಹತ್ತಿ ಆರುತ್ತಿದ್ದವು, ಅವನ್ನು ಸಹಿಸಿಕೊಳ್ಳಬಹುದು.

ಚಳಿಯನ್ನು ಸಹಿಸಿಕೊಳ್ಳುವುದು ಕಷ್ಟ. ಒಣ ಗಾಳಿ, ಮೋಡವಿಲ್ಲದ ಆಕಾಶ, ಮರಳು ಹಗಲಿನ ಶಾಖವನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲ. ಸಂಜೆ ಬರಿಗಾಲಿಗೆ ಬೆಚ್ಚಗಿದ್ದದ್ದು ಎರಡು ಗಂಟೆಯಲ್ಲಿ ತಣ್ಣನೆಯ ನೆಲವಾಯಿತು, ಬೆಳಗಿನ ಜಾವಕ್ಕೆ ಹುಡುಗನ ಕೈಗಡಿಯಾರದ ಉಷ್ಣಮಾಪಕ 7 ಡಿಗ್ರಿ ತೋರಿಸುತ್ತಿತ್ತು. ತಲೆಗೆ ಎರಡು ರಜಾಯಿ ಎಂದವರು ಜೀಪಿನಲ್ಲಿ ಹಾಕಿ ಕಳುಹಿಸಿದ್ದು ಮೂವರಿಗೆ ನಾಲ್ಕು, ಅದರಲ್ಲೊಂದರ ಹತ್ತಿ ಒಂದು ಮೂಲೆಗೆ ಸೇರಿ ಮುದ್ದೆಯಾಗಿತ್ತು. ಕೊನೆಗೆ ಹಿರಿಯರೇ ಬಾದಲ್‌ನ ಜೀನಿನ ಕೌದಿಗಳನ್ನು ತಂದು ನಮ್ಮ ಮೇಲೆ ಹೊದಿಸಿದರು. ಅದರ ವಾಸನೆಯನ್ನು ವರ್ಣಿಸುವುದಾದರೆ, ಬೆವರು, ಒಣ ಹುಲ್ಲು, ಹಳೆಯ ಉಣ್ಣೆ ಮೂರನ್ನೂ ಒಂದು ಪೆಟ್ಟಿಗೆಯಲ್ಲಿ ವರ್ಷವಿಡೀ ಮುಚ್ಚಿಟ್ಟು ತೆಗೆದಂತಿತ್ತು. ಅರ್ಧ ಗಂಟೆಯಲ್ಲಿ ಬೆಚ್ಚಗಾಯಿತು, ಒಂದು ಗಂಟೆಯಲ್ಲಿ ವಾಸನೆ ಮರೆತುಹೋಯಿತು, ತಂಗಿಯ ಶಾಲು ಮಾತ್ರ ಈಗಲೂ ಮರೆತಿಲ್ಲ. ಉಣ್ಣೆಯ ಟೋಪಿ, ಕಾಲುಚೀಲ ಮತ್ತು ಒಂದು ಹಗುರ ಮಲಗುಚೀಲವನ್ನು ನೀವೇ ಒಯ್ಯುವುದು ಕ್ಷೇಮ.

ನಿದ್ದೆ ಬರದ ಆ ಹೊತ್ತಿನಲ್ಲಿ ಕೆಂಡದ ಪಕ್ಕ ಕುಳಿತ ಹಿರಿಯರೊಡನೆ ನನ್ನ ಹರಕು ಹಿಂದಿಯಲ್ಲಿ ಮಾತಾಯಿತು. ಬಾದಲ್ ಅವರದಲ್ಲ, ಆಫೀಸಿನ ಯಜಮಾನರದು. ರಾತ್ರಿಯೊಂದಕ್ಕೆ ಅವರ ಕೈಗೆ ಬರುವುದು 500 ರೂಪಾಯಿ, ಎಷ್ಟು ಜನ ಬಂದರೂ ಅಷ್ಟೇ. ಅವರ ತಂದೆಯ ಕಾಲದಲ್ಲಿ ಮನೆಯಲ್ಲಿ ಇಪ್ಪತ್ತು ಒಂಟೆಗಳಿದ್ದವಂತೆ, ಗಾಡಿಗೆ, ಉಳುವುದಕ್ಕೆ, ನೀರು ತರುವುದಕ್ಕೆ. ಟ್ರಾಕ್ಟರು ಮತ್ತು ರಸ್ತೆ ಬಂದ ಮೇಲೆ ಒಂದೊಂದಾಗಿ ಹೋದವು. ಇದು ಅವರೊಬ್ಬರ ಮನೆಯ ಕಥೆಯೇನೂ ಅಲ್ಲ: 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದರೆ 2019ರ ಹೊತ್ತಿಗೆ ಅದು 2.5 ಲಕ್ಷಕ್ಕೆ ಇಳಿದಿತ್ತು. ರಾಜಸ್ಥಾನವು 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯೆಂದು ಘೋಷಿಸಿ, 2015ರಲ್ಲಿ ವಧೆಯನ್ನು ನಿಷೇಧಿಸುವ ಮತ್ತು ರಾಜ್ಯದಾಚೆಗೆ ಸಾಗಿಸುವುದನ್ನು ನಿರ್ಬಂಧಿಸುವ ಕಾನೂನು ತಂದಿತು. ಅದರಿಂದ ಒಂಟೆಯ ಬೆಲೆಯೇ ಬಿದ್ದುಹೋಯಿತೆಂಬುದು ಹಿರಿಯರ ಕೊರಗು. ಕೊಳ್ಳುವವರಿಲ್ಲದ ಮೇಲೆ ಸಾಕುವವರೆಲ್ಲಿ ಎಂದು ಅವರು ಕೆಂಡವನ್ನು ಕೆದಕಿದರು. ಹಾಗಾಗಿ ಭಕ್ಷೀಸಿನ ವಿಷಯದಲ್ಲಿ ಜಿಪುಣತನ ಬೇಡ, ಮತ್ತು ಅದನ್ನು ಆಫೀಸಿನಲ್ಲಿ ಕೊಡದೆ ಒಂಟೆಯವರ ಕೈಗೇ ಕೊಡಿ. ಸಾಧ್ಯವಾದರೆ ಒಂಟೆಯ ಒಡೆಯರೇ ನಡೆಸುವ ಸಣ್ಣ ಸಫಾರಿಗಳನ್ನು ಖುರಿಯ ಹಳ್ಳಿಯಲ್ಲೇ ವಿಚಾರಿಸಿ. ನಾವು ಆ ಕೆಲಸ ಮಾಡದೆ ಕೋಟೆಯ ಬಾಗಿಲಲ್ಲಿ ಸಿಕ್ಕವರಿಗೆ ಹಣ ಕೊಟ್ಟೆವು.

ಬೆಳಗ್ಗೆ ಏಳೂಕಾಲು ದಾಟಿದರೂ ಸೂರ್ಯನ ಸುಳಿವಿರಲಿಲ್ಲ. ದೇಶದ ಪಶ್ಚಿಮದ ಅಂಚಿನಲ್ಲಿ ಬೆಳಗು ತಡ. ರಜಾಯಿಯ ಮೇಲ್ಮೈ ಇಬ್ಬನಿಯಿಂದ ತೇವವಾಗಿತ್ತು. ನಮ್ಮ ಹಾಸಿಗೆಯಿಂದ ಎರಡು ಮಾರು ದೂರದಲ್ಲಿ ನರಿಯ ಹೆಜ್ಜೆಗಳು ಒಂದು ಸುತ್ತು ಬಂದು ಊಟದ ಜಾಗದ ಕಡೆಗೆ ಹೋಗಿದ್ದವು, ಅದರ ಮೇಲೆ ಹಾದು ಸಗಣಿ ಜೀರುಂಡೆಯೊಂದು ಹೊಲಿಗೆ ಹಾಕಿದಂತೆ ಗೆರೆ ಎಳೆದಿತ್ತು. ಆ ಗೆರೆಯನ್ನು ಹಿಂಬಾಲಿಸಿ ಹೋದ ಹುಡುಗನಿಗೆ ಮರಳಿನಲ್ಲಿ ಅರ್ಧ ಹುಗಿದ ಬಿಯರ್ ಬಾಟಲಿಯ ಚೂರು ಸಿಕ್ಕಿತು, ಇನ್ನಷ್ಟು ಕೆದಕಿದರೆ ಇನ್ನಷ್ಟು. ಬರಿಗಾಲಿನಲ್ಲಿ ಓಡಾಡಿದ್ದನ್ನು ನೆನೆದು ತಂಗಿಗೆ ಮೈ ನಡುಗಿತು. ತಂಡಗಳು ಬಂದು ಹೋಗುವ ದಿಬ್ಬವನ್ನು ವಾರಕ್ಕೊಮ್ಮೆ ಗುಡಿಸಲು ಆಳು ಕಳುಹಿಸುವುದು ಈ ಆಫೀಸಿಗೆ ಭಾರವಾಗಲಾರದು, ಕೆಲವೇ ಮೈಲಿ ಆಚೆ ಮರುಭೂಮಿ ರಾಷ್ಟ್ರೀಯ ಉದ್ಯಾನದ ನೆಲ, ಅಳಿವಿನ ಅಂಚಿನ ಎರೆಭೂತ ಹಕ್ಕಿ ಉಳಿದುಕೊಂಡಿರುವ ನೆಲ ಶುರುವಾಗುತ್ತದೆ ಎಂಬುದನ್ನು ಅವರೇ ಜಾಹೀರಾತಿನಲ್ಲಿ ಬರೆದುಕೊಂಡಿದ್ದಾರೆ.

ಮರಳುವಾಗ ತೊಡೆ ಒಪ್ಪಲಿಲ್ಲ. ಮೊದಲ ಒಂದು ಗಂಟೆ ಕುಳಿತು, ನಂತರ ಇಳಿದು, ಬಾದಲ್‌ನ ಹಗ್ಗವನ್ನು ನಾನೇ ಹಿಡಿದು ನಡೆದೆ. ಸಡಿಲವಾಗಿ ಹಿಡಿ, ಎಳೆಯಬೇಡ, ನೀನು ನಡೆದರೆ ಅದೂ ನಡೆಯುತ್ತದೆ ಎಂದು ಹಿರಿಯರು ಹೇಳಿಕೊಟ್ಟರು. ಹಾಗೆಯೇ ಆಯಿತು, ಅಗಲವಾದ ಮೆತ್ತನೆಯ ಪಾದಗಳಿಗೆ ಸದ್ದಿಲ್ಲದ ಕಾರಣ ಅದು ಹಿಂದೆ ಬರುತ್ತಿದೆಯೇ ಎಂದು ಮತ್ತೆ ಮತ್ತೆ ತಿರುಗಿ ನೋಡಿದೆ, ಪ್ರತಿ ಸಲವೂ ಅದರ ಬಿಸಿಯುಸಿರು ನನ್ನ ಕಿವಿಯ ಹತ್ತಿರವೇ ಇತ್ತು. ಒಂಟೆಯ ಮೇಲೆ ಕುಳಿತ ಎರಡೂವರೆ ಗಂಟೆಗಿಂತ ಅದರ ಜೊತೆ ನಡೆದ ಈ ಅರ್ಧ ಗಂಟೆ ನನಗೆ ಹೆಚ್ಚು ಹಿಡಿಸಿತು, ಇದಕ್ಕೆ ಪ್ರತ್ಯೇಕ ದರವೂ ಇರಲಿಲ್ಲ.

ರಸ್ತೆಯ ಬದಿಯಲ್ಲಿ ಜೀಪು ಈ ಸಲ ಹೊತ್ತಿಗೆ ಸರಿಯಾಗಿ ನಿಂತಿತ್ತು. ಊರು ತಲುಪುವ ಮೊದಲೇ ಆಫೀಸಿನ ಹುಡುಗ ಫೋನು ಮುಂದೆ ಹಿಡಿದು ಐದು ನಕ್ಷತ್ರ ಒತ್ತುವಂತೆ ವಿನಯದಿಂದ ಕೇಳಿದ. ಒಂಟೆ ಕಡಿಮೆಯಾದದ್ದು, ರಜಾಯಿ, ಧ್ವನಿವರ್ಧಕ ಮತ್ತು ಗಾಜಿನ ಚೂರುಗಳ ವಿಷಯ ಹೇಳಿ ನಾನು ಮೂರು ಒತ್ತಿದೆ. ಒಂಟೆಯವರಿಗೆ ಬೇರೆಯಾಗಿ ಅಂಕ ಕೊಡಲು ಆ ಪುಟದಲ್ಲಿ ಜಾಗವಿರಲಿಲ್ಲ.